ಕಡಲ ತೀರದ ಸೆಕೆಯೂ ಮನೆಯ ಹವಾನಿಯಂತ್ರಣವೂ: ಒಂದು ಚಾರಿತ್ರಿಕ ಸಮೀಕ್ಷೆ

೧

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಕಾಲನಿರ್ಣಯ, ದಾನಶಾಸನಗಳ ಪಾಠಪರಿಷ್ಕರಣ ಎಂಬ ಭಾವನೆ ನಮ್ಮ ವಿದ್ವದ್ವಲಯದಲ್ಲಿ ಬಹುಕಾಲ ಬೇರೂರಿತ್ತು. ಜನರು ಏನನ್ನು ಉಂಡರು, ಎಂತಹ ಮನೆಯಲ್ಲಿ ಬಾಳಿದರು, ಬೇಸಗೆಯ ರಾತ್ರಿಗಳನ್ನು ಹೇಗೆ ಕಳೆದರು ಎಂಬುದೂ ಚರಿತ್ರೆಯ ವಿಷಯವೇ ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಆ ಧೈರ್ಯದಿಂದಲೇ ಪ್ರಕೃತ ಲೇಖಕನು ಒಂದು ಸಾಧಾರಣ ಗೃಹಕೃತ್ಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದಾನೆ. ಕಡಲ ತೀರದ ಊರುಗಳಲ್ಲಿ ಮನೆಯೊಳಗೆ ತಂಪನ್ನು ತರುವುದಕ್ಕೆ ಮನುಷ್ಯನು ಪಟ್ಟ ಪಾಡು, ತಂದ ತಂಪನ್ನು ಉಳಿಸಿಕೊಳ್ಳುವುದಕ್ಕೆ ಅವನು ಮಾಡಬೇಕಾಗಿ ಬಂದ ಆರೈಕೆ, ಇವೇ ಈ ಪ್ರಬಂಧದ ವಸ್ತು.

ಈ ವಿಷಯಕ್ಕೆ ನನ್ನ ಮನಸ್ಸು ತಿರುಗಿದುದಕ್ಕೆ ಒಂದು ಕಾರಣವುಂಟು. ಮುಂಬಯಿಯ ಪಶ್ಚಿಮದ ಉಪನಗರವೊಂದರಲ್ಲಿ, ಸಮುದ್ರಕ್ಕೆ ಅರ್ಧ ಮೈಲಿಗಿಂತ ಹತ್ತಿರದಲ್ಲಿ, ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ನಮ್ಮ ವಾಸ. ತಂದೆಯವರು ತೀರಿಕೊಂಡ ಬಳಿಕ ದಕ್ಷಿಣ ಕನ್ನಡದ ಹಳೆಯ ಮನೆಗೆ ಬೀಗ ಹಾಕಿ, ಎಂಬತ್ತು ದಾಟಿದ ಅಮ್ಮನನ್ನು ಇಲ್ಲಿಗೆ ಕರೆತಂದೆ. ಅವರ ಕೋಣೆಗೆ ಒಂದೂವರೆ ಟನ್ನಿನ ಒಂದು ಹವಾನಿಯಂತ್ರಣ ಯಂತ್ರವನ್ನು ಹಾಕಿಸಿದೆ. ೨೦೨೨ರ ಬೇಸಗೆಯಲ್ಲಿ ಅದು ಮೂರು ಸಲ ತಂಪು ಕೊಡುವುದನ್ನು ನಿಲ್ಲಿಸಿತು. ಮೂರು ಸಲವೂ ಬಂದ ಕೆಲಸಗಾರರು ‘ಗ್ಯಾಸು ಮುಗಿದಿದೆ’ ಎಂದು ಹೇಳಿ, ಹೊಸದಾಗಿ ತುಂಬಿ, ಹಣ ಪಡೆದು ಹೋದರು. ಮೂರನೆಯ ಸಲ ಯಂತ್ರ ನಿಂತದ್ದು ಮೇ ತಿಂಗಳ ಒಂದು ಶನಿವಾರ. ಆ ರಾತ್ರಿ ಅಮ್ಮ ಬೆವರಿ ಬಳಲಿ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದುದರಿಂದ ಅವರನ್ನು ಎರಡು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ನಾಲ್ಕನೆಯ ಸಲ ಬಂದವರು ವಯಸ್ಸಾದ ಒಬ್ಬ ಮೆಕ್ಯಾನಿಕ್ಕು. ಅವರು ತುಂಬುವ ಸಿಲಿಂಡರನ್ನು ಕೆಳಗಿಟ್ಟು, ಕಿಟಕಿಯ ಹೊರಗೆ ಬಾಗಿ, ಹೊರಘಟಕದ ಕೊಳವೆಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿದರು. ಒಂದು ಕಡೆ ನೊರೆ ಗುಳ್ಳೆಗಟ್ಟಿತು. “ಸಾಹೇಬರೇ, ಗ್ಯಾಸು ದೀಪದ ಎಣ್ಣೆಯ ಹಾಗೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ತೂತಿದೆ. ಇದು ಉಪ್ಪುಗಾಳಿಯ ಕೆಲಸ” ಎಂದರು.

ಬ್ಯಾಂಕಿನ ಲೆಕ್ಕದಲ್ಲಿ ಪೈಸೆ ತಪ್ಪಿದರೆ ಮಧ್ಯರಾತ್ರಿಯವರೆಗೆ ಹುಡುಕುವ ನಾನು, ಮೂರು ಸಲ ಮುಗಿದ ಗ್ಯಾಸು ಎಲ್ಲಿಗೆ ಹೋಯಿತೆಂದು ಒಂದು ಸಲವೂ ಕೇಳಿರಲಿಲ್ಲ. ಆ ಲಜ್ಜೆಯಿಂದ ಆರಂಭವಾದ ವಿಚಾರಣೆ ಈ ಬರಹಕ್ಕೆ ಮೂಲ.

೨

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ಭಾಷೆ ಅದನ್ನು ಬಲ್ಲದು. ರಾಯಚೂರಿನವರು ಬೇಸಗೆಯನ್ನು ದೂರುವಾಗ ‘ಬಿಸಿಲು’, ‘ಧಗೆ’ ಎನ್ನುತ್ತಾರೆ. ಮಂಗಳೂರಿನವರು ‘ಸೆಕೆ’ ಎನ್ನುತ್ತಾರೆ. ಮೊದಲನೆಯದು ಒಣ ಉರಿ; ನೆರಳಿಗೆ ಸರಿದರೆ ಅರ್ಧ ಪಾಲು ತಗ್ಗುತ್ತದೆ. ಎರಡನೆಯದು ನೆರಳಿಗೂ ರಾತ್ರಿಗೂ ಅಂಜದ ಬೇಗೆ. ಬೆವರು ಬರುತ್ತದೆ, ಆರುವುದಿಲ್ಲ.

ಇದರ ಭೌತಿಕ ಕಾರಣ ಸರಳವಾದುದು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಮೈಯ ಬೆವರು, ಮಣ್ಣಿನ ಹೂಜಿ, ಒದ್ದೆ ಮಾಡಿದ ಲಾವಂಚದ ತಟ್ಟಿ ಇವೆಲ್ಲವೂ ಈ ಒಂದೇ ತತ್ತ್ವದಿಂದ ತಂಪು ಕೊಡುತ್ತವೆ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ, ಆವಿಯಾಗುವಿಕೆಯಿಂದ ದೊರೆಯಬಹುದಾದ ತಂಪಿನ ಎಲ್ಲೆ ತಿಳಿಯುತ್ತದೆ. ೪೦ ಡಿಗ್ರಿ ಸೆಲ್ಸಿಯಸ್ ಉಷ್ಣವೂ ಶೇಕಡಾ ೨೦ ಆರ್ದ್ರತೆಯೂ ಇರುವ ಒಳನಾಡಿನ ಮಧ್ಯಾಹ್ನದಲ್ಲಿ ಈ ಎಲ್ಲೆ ಸುಮಾರು ೨೩ ಡಿಗ್ರಿ. ೩೩ ಡಿಗ್ರಿ ಉಷ್ಣವೂ ಶೇಕಡಾ ೭೫ ಆರ್ದ್ರತೆಯೂ ಇರುವ ಕಡಲ ತೀರದಲ್ಲಿ ಅದು ಸುಮಾರು ೨೯ ಡಿಗ್ರಿ. ಎಂದರೆ ಒಳನಾಡಿನಲ್ಲಿ ನೀರು ಹದಿನೇಳು ಡಿಗ್ರಿಗಳಷ್ಟು ಉಪಕಾರ ಮಾಡಬಲ್ಲದು. ಕರಾವಳಿಯಲ್ಲಿ ನಾಲ್ಕು ಡಿಗ್ರಿ ಮಾತ್ರ.

ಈ ಅಂಕೆಗಳನ್ನು ಮುಂದಿಟ್ಟುಕೊಂಡು ನಮ್ಮ ನಾಡಿನ ಹಳೆಯ ತಂಪಿನ ವ್ಯವಸ್ಥೆಗಳನ್ನು ನೋಡಿದರೆ ಅವುಗಳ ಭೂಗೋಲ ತಾನಾಗಿಯೇ ವಿಶದವಾಗುತ್ತದೆ. ಋತುಸಂಹಾರದ ಗ್ರೀಷ್ಮವರ್ಣನೆಯಲ್ಲಿ ಜಲಯಂತ್ರಗಳುಳ್ಳ ಮಂದಿರದ ಪ್ರಸ್ತಾಪವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ರಚಿತವಾದ ಮಾನಸೋಲ್ಲಾಸವು ಅರಸನ ಭೋಗಗಳನ್ನು ಎಣಿಸುವಾಗ ಚಾಮರವನ್ನೂ ಪಾನೀಯವನ್ನೂ ಜಲಕ್ರೀಡೆಯನ್ನೂ ಬಿಡುವುದಿಲ್ಲ. ವಿಜಯಪುರದ ಸಮೀಪದ ಕುಮಟಗಿಯಲ್ಲಿ ಆದಿಲಶಾಹಿಗಳು ಕಟ್ಟಿಸಿದ ಜಲಮಂಟಪಗಳು ಇಂದಿಗೂ ಇವೆ. ಕೆರೆಯ ನೀರನ್ನು ಕೊಳವೆಗಳ ಮೂಲಕ ತಂದು ಮಂಟಪದೊಳಗೆ ಚಿಮ್ಮಿಸುವ ಏರ್ಪಾಡನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಕಲ್ಯಾಣವೂ ವಿಜಯಪುರವೂ ಒಣಹವೆಯ ಸೀಮೆಗಳು ಎಂಬುದನ್ನು ಲಕ್ಷ್ಯದಲ್ಲಿಡಬೇಕು. ಹಂಪೆಯ ರಾಣಿಯರ ಸ್ನಾನಗೃಹವನ್ನು ಎತ್ತಿ ತಂದು ಉಡುಪಿಯಲ್ಲಿ ನಿಲ್ಲಿಸಿದ್ದರೆ ಅದು ಸ್ನಾನಕ್ಕೆ ಒದಗಿದಷ್ಟು ತಂಪಿಗೆ ಒದಗುತ್ತಿರಲಿಲ್ಲ.

ಉತ್ತರ ಹಿಂದುಸ್ಥಾನದಲ್ಲಿ ಆಂಗ್ಲರು ಕಲಿತ ಲಾವಂಚದ ತಟ್ಟಿಯ ಕಥೆಯೂ ಇದೇ. ಬಾಗಿಲುಗಳಿಗೆ ತಟ್ಟಿ ಕಟ್ಟಿ, ಭಿಸ್ತಿಗಳಿಂದ ಹಗಲೆಲ್ಲ ನೀರು ಎರಚಿಸಿ, ದೆಹಲಿ, ಆಗ್ರಾ, ಕಾನ್ಪುರಗಳ ಬಿಸಿಗಾಳಿಯನ್ನು ಅವರು ತಕ್ಕಮಟ್ಟಿಗೆ ಗೆದ್ದರು. ಮುಂಬಯಿ, ಮದರಾಸುಗಳ ಸೆಕೆಯಲ್ಲಿ ಅದೇ ತಟ್ಟಿ ಸುವಾಸನೆಯನ್ನು ಧಾರಾಳವಾಗಿ ಕೊಟ್ಟಿತು, ತಂಪನ್ನು ಜಿಪುಣತನದಿಂದ ಕೊಟ್ಟಿತು.

೩

ಹಾಗಾದರೆ ಕರಾವಳಿಯ ಜನ ಏನು ಮಾಡಿದರು? ನೀರು ಕೈಬಿಟ್ಟ ಕಡೆ ಗಾಳಿಯನ್ನು ನೆಚ್ಚಿದರು. ದಕ್ಷಿಣ ಕನ್ನಡದ ಹಳೆಯ ಮನೆಯ ರಚನೆಯೆಲ್ಲವೂ ಗಾಳಿಗೆ ದಾರಿ ಬಿಡುವುದಕ್ಕೂ ಬಿಸಿಲನ್ನೂ ಮಳೆಯನ್ನೂ ದೂರವಿಡುವುದಕ್ಕೂ ಆದುದು. ಮುರಕಲ್ಲಿನ ದಪ್ಪ ಗೋಡೆ, ಎತ್ತರದ ಇಳಿಜಾರು ಮಾಡು, ಗೋಡೆಗಿಂತ ಬಹುದೂರ ಚಾಚಿದ ಸೂರು, ಮರದ ಅಳಿಗಳ ಕಿಟಕಿ, ನಡುವೆ ಅಂಗಳ, ಮುಂದೆ ಜಗಲಿ. ಮೊದಲು ಮುಳಿಹುಲ್ಲು, ಅನಂತರ ಹಂಚು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ‘ಮಂಗಳೂರು ಹಂಚು’ ಸಮುದ್ರಮಾರ್ಗವಾಗಿ ಮುಂಬಯಿಗೂ ಅದರಾಚೆಗೂ ಹೋಯಿತು. ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತಿತ್ತು. ಕೈಗೆ ಅಡಕೆ ಹಾಳೆಯ ಬೀಸಾಳೆ ಇರುತ್ತಿತ್ತು.

ಈ ಮನೆ ಪುಕ್ಕಟೆಯಾಗಿ ತಂಪು ಕೊಡುತ್ತಿತ್ತೆಂದು ಭಾವಿಸಿದರೆ ತಪ್ಪಾದೀತು. ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸಬೇಕು. ಪಕ್ಕಾಸುಗಳಿಗೆ ಗೆದ್ದಲು ಹಿಡಿಯದಂತೆ ನೋಡಬೇಕು. ಅಂಗಳದ ಚರಂಡಿ ಬಿಡಿಸಬೇಕು. ಆರೈಕೆ ತಪ್ಪಿದ ಮನೆ ಎರಡು ಮಳೆಗಾಲಕ್ಕೆ ಸೋರತೊಡಗುತ್ತಿತ್ತು. ಹೀಗೆ ಕಡಲ ತೀರದಲ್ಲಿ ತಂಪೆಂಬುದು ಆಗಲೂ ದುಡಿಮೆಯ ಫಲವೇ ಆಗಿತ್ತು.

ನಗರಗಳಲ್ಲಿ ಈ ದುಡಿಮೆ ಇನ್ನೊಂದು ರೂಪ ತಾಳಿತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಆಂಗ್ಲರ ಬಂಗಲೆಗಳಲ್ಲಿಯೂ ಕಚೇರಿಗಳಲ್ಲಿಯೂ ತೊಲೆಗೆ ತೂಗುಹಾಕಿದ ದೊಡ್ಡ ಬಟ್ಟೆಯ ಪಂಖಾ ಬಳಕೆಗೆ ಬಂತು. ಅದರ ಹಗ್ಗ ಗೋಡೆಯ ರಂಧ್ರದ ಮೂಲಕ ಹೊರಗಿನ ಜಗಲಿಗೆ ಹೋಗುತ್ತಿತ್ತು. ಅಲ್ಲಿ ಕುಳಿತವನು ಗಂಟೆಗಟ್ಟಲೆ ಎಳೆಯಬೇಕು. ಒಳಗಿನವನಿಗೆ ಗಾಳಿ; ಎಳೆಯುವವನಿಗೆ ಸೆಕೆ. ಅವನು ತೂಕಡಿಸಿದರೆ ಒಳಗಿನವನಿಗೆ ಎಚ್ಚರ, ಹೊರಗಿನವನಿಗೆ ಬೈಗುಳ. ಆ ಕಾಲದ ದಿನಚರಿಗಳಲ್ಲಿಯೂ ಪತ್ರಗಳಲ್ಲಿಯೂ ಪಂಖಾ ಎಳೆಯುವವನ ಸೋಮಾರಿತನದ ದೂರು ಹೇರಳವಾಗಿದೆ. ಅವನ ಹೆಸರು ಅತಿ ವಿರಳ. ತಂಪಿನ ಸುಖ ಒಬ್ಬನದು, ಅದರ ಭಾರ ಗೋಡೆಯ ಆಚೆಗಿನ ಇನ್ನೊಬ್ಬನದು ಎಂಬ ಈ ವ್ಯವಸ್ಥೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಅರಿಕೆ. ಮುಂದೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

೪

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಒಂದು ವಿಚಿತ್ರ ವಾಣಿಜ್ಯ ಹುಟ್ಟಿಕೊಂಡಿತು. ಅಮೇರಿಕದ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಚಳಿಗಾಲದಲ್ಲಿ ಕೆರೆಗಳ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ಉಷ್ಣದೇಶಗಳಿಗೆ ಕಳುಹಿಸತೊಡಗಿದನು. ೧೮೦೬ರಲ್ಲಿ ಅವನ ಮೊದಲ ಸರಕು ಮಾರ್ಟಿನೀಕ್ ದ್ವೀಪಕ್ಕೆ ಹೋಯಿತು. ೧೮೩೩ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು ೧೮೦ ಟನ್ನು ಮಂಜುಗಡ್ಡೆಯೊಡನೆ ಬೋಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ಯಾನದ ಬಳಿಕ ಸೆಪ್ಟೆಂಬರಿನಲ್ಲಿ ಕಲಕತ್ತೆಗೆ ಬಂತು. ಸುಮಾರು ೧೦೦ ಟನ್ನು ಕರಗದೆ ಉಳಿದಿತ್ತು. ಮರುವರ್ಷ ಮುಂಬಯಿಗೂ ಈ ಸರಕು ತಲಪಿತು. ಮದರಾಸಿನ ಕಡಲ ದಂಡೆಯಲ್ಲಿ ೧೮೪೨ರಲ್ಲಿ ಕಟ್ಟಿದ ‘ಐಸ್ ಹೌಸ್’ ಇಂದಿಗೂ ನಿಂತಿದೆ. ೧೮೯೭ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಒಂಬತ್ತು ದಿನ ತಂಗಿದ್ದುದರಿಂದ ಅದು ಈಗ ಅವರ ಹೆಸರನ್ನು ಹೊತ್ತಿದೆ. ಮರೀನಾದಲ್ಲಿ ತಿರುಗಾಡುವ ಮದರಾಸಿನ ಕನ್ನಡಿಗರಿಗೆ ಅದರ ದುಂಡು ಗೋಡೆ ಪರಿಚಿತವೇ. ವಾಲ್ಡನ್ ಕೊಳದ ಮಂಜುಗಡ್ಡೆ ಮದರಾಸು, ಮುಂಬಯಿ, ಕಲಕತ್ತೆಗಳ ಜನರ ಲೋಟಕ್ಕೆ ಬೀಳುವುದನ್ನು ಕುರಿತು ಥೋರೋ ತನ್ನ ಗ್ರಂಥದಲ್ಲಿ ವಿಸ್ಮಯಪಟ್ಟಿದ್ದಾನೆ.

ಈ ಮಂಜುಗಡ್ಡೆ ಲೋಟಗಳನ್ನೂ ಜ್ವರಪೀಡಿತರ ಹಣೆಗಳನ್ನೂ ತಣಿಸಿತೇ ಹೊರತು ಮನೆಗಳನ್ನು ತಣಿಸಲಿಲ್ಲ. ಅಷ್ಟು ಅಗ್ಗವಾಗಿ ಅದು ದೊರೆಯುತ್ತಿರಲಿಲ್ಲ. ೧೮೭೦ರ ದಶಕದಲ್ಲಿ ಉಗಿಯಂತ್ರದಿಂದ ಮಂಜುಗಡ್ಡೆ ತಯಾರಿಸುವ ಕಾರ್ಖಾನೆಗಳು ನಮ್ಮ ಬಂದರುಗಳಲ್ಲಿಯೇ ಏಳಲು ಬೋಸ್ಟನ್ನಿನ ವ್ಯಾಪಾರ ಮುಗಿಯಿತು. ಆದರೆ ಅದು ಬಿಟ್ಟುಹೋದ ಒಂದು ಪದ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಅಂಗಡಿಯವನು ‘ಒಂದೂವರೆ ಟನ್ನಿನ ಯಂತ್ರ’ ಎನ್ನುವಾಗ ಅದು ಯಂತ್ರದ ತೂಕವಲ್ಲ. ಎರಡು ಸಾವಿರ ಪೌಂಡು, ಎಂದರೆ ಸುಮಾರು ೯೦೭ ಕಿಲೋಗ್ರಾಮು ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖವೇ ‘ಒಂದು ಟನ್ನು’. ಒಂದೂವರೆ ಟನ್ನಿನ ಯಂತ್ರವನ್ನು ದಿನವಿಡೀ ಪೂರ್ಣಶಕ್ತಿಯಿಂದ ನಡೆಸಿದರೆ ಅದು ೧,೩೬೦ ಕಿಲೋಗ್ರಾಮು ಮಂಜುಗಡ್ಡೆಯ ಕೆಲಸ ಮಾಡುತ್ತದೆ. ಲೆಕ್ಕ ಮುಂದುವರಿಸಿದರೆ, ‘ಟಸ್ಕನಿ’ ಅರ್ಧ ಭೂಮಂಡಲವನ್ನು ಸುತ್ತಿ ಇಳಿಸಿದ ಆ ನೂರು ಟನ್ನು ನನ್ನ ಅಮ್ಮನ ಕೋಣೆಯ ಯಂತ್ರಕ್ಕೆ ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚಿನ ಕೆಲಸ. ಒಂದು ಮಹಾನಗರದ ಸಿರಿವಂತರು ಸೆಪ್ಟೆಂಬರಿನಲ್ಲಿ ಬೆರಗಿನಿಂದ ಹಂಚಿಕೊಂಡುದನ್ನು ಇಂದು ಮಧ್ಯಮವರ್ಗದ ಒಂದು ಕೋಣೆ ಒಂದು ಬೇಸಗೆಗೆ ವ್ಯಯಿಸುತ್ತದೆ.

೫

ಯಂತ್ರದಿಂದ ಕೋಣೆಯನ್ನು ತಣಿಸುವ ಆಲೋಚನೆ ಮೊಳೆತುದೂ ಒಂದು ಸೆಕೆಯ ಬಂದರಿನಲ್ಲಿಯೇ ಎಂಬುದು ಗಮನಾರ್ಹ. ಅಮೇರಿಕದ ಫ್ಲಾರಿಡಾ ಸೀಮೆಯ ಅಪಲಾಚಿಕೋಲಾದಲ್ಲಿ ಜಾನ್ ಗೋರಿ ಎಂಬ ವೈದ್ಯನಿದ್ದನು. ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಅಂದಿನ ವೈದ್ಯರಂತೆ ಅವನೂ ನಂಬಿದ್ದನು. ರೋಗಿಗಳ ಕೋಣೆಯ ಮೇಲ್ಭಾಗದಲ್ಲಿ ಮಂಜುಗಡ್ಡೆಯ ಪಾತ್ರೆ ತೂಗುಹಾಕಿ, ತಂಪುಗಾಳಿ ಕೆಳಗಿಳಿಯುವಂತೆ ಮಾಡುತ್ತಿದ್ದನು. ಉತ್ತರದಿಂದ ಬರುವ ಮಂಜುಗಡ್ಡೆಯ ಹಡಗನ್ನು ಸದಾ ನಂಬುವಂತಿರಲಿಲ್ಲ. ಆದುದರಿಂದ ಗಾಳಿಯನ್ನು ಒತ್ತಿ, ಅನಂತರ ಹಿಗ್ಗಿಸಿ ಮಂಜುಗಡ್ಡೆ ಮಾಡುವ ಯಂತ್ರವನ್ನು ತಾನೇ ರಚಿಸಿ, ೧೮೫೧ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಹಣ ಹೂಡುವವರು ಸಿಕ್ಕದೆ ೧೮೫೫ರಲ್ಲಿ ತೀರಿಕೊಂಡನು. ಅವನ ರೋಗಶಾಸ್ತ್ರ ತಪ್ಪಾಗಿತ್ತು. ಸೆಕೆಯಲ್ಲಿ ಬೇಯುವ ರೋಗಿಗೆ ತಂಪು ಬೇಕೆಂಬ ಅವನ ಕರುಣೆ ತಪ್ಪಾಗಿರಲಿಲ್ಲ.

ಐವತ್ತು ವರ್ಷಗಳ ಬಳಿಕ, ೧೯೦೨ರಲ್ಲಿ, ನ್ಯೂಯಾರ್ಕಿನ ಬ್ರೂಕ್‌ಲಿನ್ನಿನ ಒಂದು ಮುದ್ರಣಾಲಯ ಬೇರೊಂದು ಸಂಕಟದಲ್ಲಿತ್ತು. ಬೇಸಗೆಯ ತೇವದಿಂದ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ತಣ್ಣನೆಯ ಕೊಳವೆಸುರುಳಿಗಳ ಮೇಲೆ ಗಾಳಿ ಹಾಯಿಸಿ ಅದರ ತೇವವನ್ನು ಹನಿಗೂಡಿಸಿ ತೆಗೆಯುವ ಏರ್ಪಾಡು ಮಾಡಿದನು. ಆಧುನಿಕ ಹವಾನಿಯಂತ್ರಣದ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ. ಆ ಹೆಸರನ್ನು ೧೯೦೬ರಲ್ಲಿ ಬಳಕೆಗೆ ತಂದ ಸ್ಟುವರ್ಟ್ ಕ್ರೇಮರ್ ಬಟ್ಟೆಗಿರಣಿಗಳ ಎಂಜಿನಿಯರು. ಯಂತ್ರ ಹುಟ್ಟಿದುದು ಗಾಳಿಯ ತೇವವನ್ನು ಹತೋಟಿಗೆ ತರುವುದಕ್ಕೆ. ಮನುಷ್ಯನ ಸುಖ ಅದರ ಬೆನ್ನಿಗೆ ಬಂತು. ಈ ಜನ್ಮವೃತ್ತಾಂತ ಕರಾವಳಿಯ ನಮಗೆ ಮುಖ್ಯವಾದುದು. ನಮಗೆ ಬೇಕಾದುದೂ ಮೊದಲು ತೇವದ ನಿವಾರಣೆಯೇ ಅಲ್ಲವೇ?

ಮುಂಬಯಿಗೆ ಈ ತಂಪು ಮೊದಮೊದಲು ಸಾರ್ವಜನಿಕ ವಿನೋದವಾಗಿ ಬಂತು. ಕೊಲಾಬಾದ ಬಳಿಯ ರೀಗಲ್ ಚಿತ್ರಮಂದಿರ ೧೯೩೩ರಲ್ಲಿ ಹವಾನಿಯಂತ್ರಣದೊಡನೆ ತೆರೆಯಿತು. ಸ್ವದೇಶದಲ್ಲಿಯೇ ಈ ಉದ್ಯಮ ಬೆಳೆಯಿತು: ಬ್ಲೂ ಸ್ಟಾರ್ ೧೯೪೩ರಲ್ಲಿ, ವೋಲ್ಟಾಸ್ ೧೯೫೪ರಲ್ಲಿ, ಎರಡೂ ಮುಂಬಯಿಯಲ್ಲಿ ಸ್ಥಾಪಿತವಾದುವು. ಆದರೂ ಬಹುಕಾಲ ಅದು ಕಚೇರಿ, ಹೋಟೆಲು, ಶ್ರೀಮಂತರ ಶಯನಗೃಹಗಳ ವಸ್ತುವಾಗಿಯೇ ಇತ್ತು. ಚಾಳಿನ ಕನ್ನಡಿಗನಿಗೆ ಕೈಗೆಟುಕಿದುದು ವಿದ್ಯುತ್ತಿನ ಪಂಖಾ. ೧೯೯೧ರ ಆರ್ಥಿಕ ಸುಧಾರಣೆಗಳ ತರುವಾಯವೇ ಯಂತ್ರವು ಮಧ್ಯಮವರ್ಗದ ಮನೆಗಳನ್ನು ಗಣನೀಯವಾಗಿ ಹೊಕ್ಕಿತು. ಬಂದ ಮೇಲೆ ಅದು ಮನೆಯ ಸ್ವಭಾವವನ್ನೇ ಬದಲಿಸಿತು. ನಮ್ಮ ಅಮ್ಮ ಒಂದು ದಿನ ಅಂದರು: “ಊರಿನ ಮನೆಯಲ್ಲಿ ಕಿಟಕಿ ತೆರೆದರೆ ತಂಪು. ಇಲ್ಲಿ ಮುಚ್ಚಿದರೆ ತಂಪು. ನನಗೆ ಇದು ರೂಢಿಯಾಗುವುದಿಲ್ಲ ಮಗಾ.”

೬

ಇನ್ನು ಆರೈಕೆಯ ಮಾತು. ಯಂತ್ರದ ಒಳಘಟಕದಲ್ಲಿ ತಣ್ಣನೆಯ ಸುರುಳಿ, ಹೊರಘಟಕದಲ್ಲಿ ಬಿಸಿ ಸುರುಳಿ. ಎರಡರ ನಡುವೆ ಮುಚ್ಚಿದ ಕೊಳವೆಯಲ್ಲಿ ಒಂದು ದ್ರವ್ಯ ಸುತ್ತುತ್ತಿರುತ್ತದೆ. ಒಳಗೆ ಅದು ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರು ಅದನ್ನು ಒತ್ತುತ್ತದೆ. ಹೊರಗೆ ಅದು ಮತ್ತೆ ದ್ರವವಾಗಿ ಶಾಖವನ್ನು ಬಿಡುತ್ತದೆ. ಮುಚ್ಚಿದ ಸುತ್ತಾದುದರಿಂದ ಒಮ್ಮೆ ತುಂಬಿದ ದ್ರವ್ಯ ಯಂತ್ರದ ಆಯುಷ್ಯಕ್ಕೆ ಸಾಕು. ‘ಗ್ಯಾಸು ಮುಗಿಯಿತು’ ಎಂಬ ಮಾತಿನ ಅರ್ಥ ‘ಗ್ಯಾಸು ಸೋರಿತು’ ಎಂದೇ. ಸೋರುವ ಕಡೆಯನ್ನು ಹುಡುಕಿ ಬೆಸೆಯದೆ ಮತ್ತೆ ತುಂಬುವುದು ತಳವೊಡೆದ ಕೊಡಕ್ಕೆ ನೀರೆರೆದಂತೆ.

ಕಡಲ ತೀರದಲ್ಲಿ ಸೋರಿಕೆ ಹೆಚ್ಚುವುದಕ್ಕೆ ಕಾರಣವೇನು? ಸುರುಳಿಯಲ್ಲಿ ಸಾಮಾನ್ಯವಾಗಿ ತಾಮ್ರದ ಕೊಳವೆ, ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳುರೆಕ್ಕೆಗಳು. ಎರಡು ಬೇರೆ ಲೋಹಗಳು ಕೂಡಿದಲ್ಲಿ ಉಪ್ಪುನೀರಿನ ತೇವ ಸೇರಿದರೆ ಅದು ಸಣ್ಣದೊಂದು ವಿದ್ಯುತ್ಕೋಶವಾಗುತ್ತದೆ; ಅಲ್ಯೂಮಿನಿಯಮ್ ತಿಂದುಹೋಗುತ್ತದೆ. ರೆಕ್ಕೆಗಳು ಬೂದಿಯಂತೆ ಉದುರಿದಾಗ ಶಾಖ ಹೊರಹೋಗುವ ದಾರಿ ತಪ್ಪಿ, ಕಂಪ್ರೆಸರು ಹೆಚ್ಚು ದುಡಿದು, ವಿದ್ಯುತ್ತಿನ ಬಿಲ್ಲು ಏರುತ್ತದೆ. ಉಪ್ಪಿನ ಹರಳು ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಒದ್ದೆಯಾಗುವುದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ಈ ಕ್ಷಯ ನಿಲ್ಲುವುದಿಲ್ಲ. ಬೆಸುಗೆಯ ಸಂದುಗಳೂ ಕಬ್ಬಿಣದ ಆಧಾರಚೌಕಟ್ಟೂ ಇದರ ಪಾಲುದಾರರು. ನಾಲ್ಕನೆಯ ಮಹಡಿಯ ಹೊರಗೆ ತುಕ್ಕು ಹಿಡಿದ ಚೌಕಟ್ಟು ಕೆಳಗೆ ನಡೆಯುವವರ ತಲೆಯ ಮೇಲಿನ ಅಪಾಯವೆಂಬುದನ್ನು ಹೇಳಬೇಕಾಗಿಲ್ಲ.

ಆದುದರಿಂದ ತೀರವಾಸಿಗಳು ಪಾಲಿಸಬೇಕಾದ ಕ್ರಮ ಹೀಗೆ. ಹೊಸ ಯಂತ್ರ ಕೊಳ್ಳುವಾಗ ಸುರುಳಿಗೆ ಕ್ಷಯನಿರೋಧಕ ಲೇಪವಿದೆಯೇ ಎಂದು ವಿಚಾರಿಸಬೇಕು. ಹೊರಘಟಕವನ್ನು ಸಾಧ್ಯವಾದಲ್ಲಿ ಕಡಲಿಗೆ ಎದುರಾಗದ ಗೋಡೆಗೆ ಹಾಕಿಸಬೇಕು. ಅದನ್ನು ಆಗಾಗ, ವಿದ್ಯುತ್ತನ್ನು ಪೂರ್ತಿ ಕಡಿದ ಮೇಲೆ, ಸಿಹಿನೀರಿನಿಂದ ಮೆಲ್ಲನೆ ತೊಳೆಸಿ ಉಪ್ಪನ್ನು ಕಳೆಯಬೇಕು. ರಭಸದ ನೀರು ರೆಕ್ಕೆಗಳನ್ನು ಬಗ್ಗಿಸುತ್ತದೆ. ಚೌಕಟ್ಟಿನ ಬೋಲ್ಟುಗಳನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಪರೀಕ್ಷಿಸಬೇಕು. ಒಳಘಟಕದ ಜಾಳಿಗೆಯನ್ನು ಬಳಕೆಯ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಧೂಳು ಕಟ್ಟಿ ಗಾಳಿ ತಡೆದರೆ ಸುರುಳಿಯ ಮೇಲೆ ಮಂಜು ಕಟ್ಟುತ್ತದೆ.

ಇನ್ನೊಂದು ಕಷ್ಟ ನೀರಿನದು. ಸೆಕೆಯ ದಿನದಲ್ಲಿ ಯಂತ್ರವು ಗಾಳಿಯಿಂದ ಹಲವು ಲೀಟರು ನೀರನ್ನು ಹಿಂಡುತ್ತದೆ. ತಟ್ಟೆಯಲ್ಲಿಯೂ ಕೊಳವೆಯಲ್ಲಿಯೂ ಪಾಚಿಲೋಳೆ ಬೆಳೆದರೆ ನೀರು ಒಳಗೋಡೆಗೆ ಇಳಿಯುತ್ತದೆ. ಬೂಷ್ಟಿನ ವಾಸನೆ ಬರುತ್ತದೆ. ಉಬ್ಬಸವುಳ್ಳವರಿಗೆ ಅದು ಹಿತವಲ್ಲ. ಕೊಳವೆಗೆ ಒಂದೇ ಸಮನೆ ಇಳಿಜಾರು ಇರಬೇಕು, ಅದನ್ನು ಋತುವಿಗೊಮ್ಮೆ ಬಿಡಿಸಬೇಕು. ಬೇಕಾದುದಕ್ಕಿಂತ ದೊಡ್ಡ ಯಂತ್ರ ಒಳ್ಳೆಯದೆಂಬ ಭ್ರಮೆಯೂ ಬೇಡ. ಅದು ಕೋಣೆಯನ್ನು ಬೇಗ ತಣಿಸಿ ನಿಂತುಬಿಡುತ್ತದೆ; ತೇವವನ್ನು ತೆಗೆಯುವಷ್ಟು ಹೊತ್ತು ನಡೆಯುವುದಿಲ್ಲ. ಫಲವಾಗಿ ಕೋಣೆ ತಣ್ಣಗೂ ಜಿಗುಟಾಗಿಯೂ ಇರುತ್ತದೆ. ಮಿತವಾದ ಯಂತ್ರ, ೨೪ರಿಂದ ೨೬ ಡಿಗ್ರಿ, ಮೇಲೆ ನಿಧಾನವಾಗಿ ತಿರುಗುವ ಪಂಖಾ, ಕಿಟಕಿಗೆ ಹೊರಗಿನಿಂದ ನೆರಳು: ಇಷ್ಟರಲ್ಲಿ ಹಳೆಯ ಮನೆಯ ವಿವೇಕವೂ ಹೊಸ ಯಂತ್ರದ ಬಲವೂ ಕೂಡಿಕೊಳ್ಳುತ್ತವೆ. ೨೦೨೦ರ ಜನವರಿಯಿಂದ ನಮ್ಮ ದೇಶದಲ್ಲಿ ಹೊಸ ಯಂತ್ರಗಳು ಆರಂಭದಲ್ಲಿ ೨೪ ಡಿಗ್ರಿಗೆ ನಿಲ್ಲುವಂತೆ ಸರಕಾರ ನಿಯಮ ಮಾಡಿರುವುದು ಈ ದೃಷ್ಟಿಯಿಂದ ಉಚಿತವೇ ಆಗಿದೆ.

೭

ಸೋರಿದ ಗ್ಯಾಸು ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರವೂ ಚರಿತ್ರೆಯಲ್ಲಿದೆ. ಮೊದಲ ಯಂತ್ರಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮುಂತಾದ ವಿಷವಸ್ತುಗಳಿದ್ದವು. ೧೯೨೮ರ ಸುಮಾರಿಗೆ ಥಾಮಸ್ ಮಿಡ್ಜ್‌ಲಿಯೂ ಅವನ ಸಹೋದ್ಯೋಗಿಗಳೂ ಕಂಡುಹಿಡಿದ ಕ್ಲೋರೋಫ್ಲೂರೋಕಾರ್ಬನ್ನುಗಳು ಉರಿಯವು, ವಿಷವಲ್ಲ. ಅವು ಯಂತ್ರವನ್ನು ಮನೆಯೊಳಗೆ ನಿರ್ಭಯವಾಗಿ ತಂದುವು. ೧೯೭೪ರಲ್ಲಿ ಮೊಲೀನಾ ಮತ್ತು ರೋಲೆಂಡ್ ಅವು ಮೇಲ್ವಾಯುಮಂಡಲದ ಓಜೋನನ್ನು ಕೆಡಿಸುತ್ತವೆಂದು ತೋರಿಸಿದರು. ೧೯೮೭ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಆ ಬಳಿಕ ನಮ್ಮ ಮನೆಗಳಲ್ಲಿ ಬಹುಕಾಲ ಇದ್ದ ಆರ್-೨೨ ಓಜೋನಿಗೆ ಕಡಿಮೆ ಹಾನಿಕರವಾದರೂ, ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು ಸಾವಿರದ ಎಂಟುನೂರು ಪಾಲು ಬಲವುಳ್ಳದ್ದು. ಈಗ ರೂಢಿಗೆ ಬಂದಿರುವ ಆರ್-೩೨ ಅದಕ್ಕಿಂತ ಬಹಳ ಸೌಮ್ಯ, ನಿರಪಾಯವಂತೂ ಅಲ್ಲ. ೨೦೧೬ರ ಕಿಗಾಲಿ ತಿದ್ದುಪಡಿಗೆ ಭಾರತ ೨೦೨೧ರಲ್ಲಿ ಅನುಮೋದನೆ ಕೊಟ್ಟುದು ಈ ಜಾತಿಯ ದ್ರವ್ಯಗಳನ್ನು ಕ್ರಮೇಣ ತಗ್ಗಿಸುವುದಕ್ಕೆ. ನಾನು ಮೂರು ಸಲ ಹಣ ತೆತ್ತು ತುಂಬಿಸಿದುದು ಮೂರು ಸಲವೂ ಆಕಾಶಕ್ಕೆ ಜಮೆಯಾಯಿತು. ಅದರ ಬಡ್ಡಿಯನ್ನು ಕಟ್ಟುವವರು ಯಂತ್ರವಿಲ್ಲದವರೂ ಹೌದು.

ಯಂತ್ರ ಶಾಖವನ್ನು ನಾಶಮಾಡುವುದಿಲ್ಲ, ವರ್ಗಾಯಿಸುತ್ತದೆ. ಒಳಗೆ ಖರ್ಚು ಬರೆದುದು ಹೊರಗೆ ಜಮೆಯಾಗಲೇಬೇಕು. ಅದರ ಮೇಲೆ ಕಂಪ್ರೆಸರಿನ ವಿದ್ಯುತ್ತಿನ ಶಾಖವೂ ಸೇರುತ್ತದೆ. ನಮ್ಮ ಕಟ್ಟಡದ ಹಿಂದಿನ ಇಕ್ಕಟ್ಟಾದ ಓಣಿಗೆ ಮೂವತ್ತಕ್ಕೂ ಹೆಚ್ಚು ಹೊರಘಟಕಗಳು ಮುಖಮಾಡಿವೆ. ಅಲ್ಲಿಯೇ ರಾತ್ರಿಯ ಕಾವಲುಗಾರನ ಕುರ್ಚಿ. ಗೋಡೆಯ ಆಚೆ ಕುಳಿತು ಪಂಖಾ ಎಳೆದವನ ಸ್ಥಾನದಲ್ಲಿ ಇಂದು ಅವನಿದ್ದಾನೆ. ವ್ಯತ್ಯಾಸವಿಷ್ಟೇ: ಇವನು ಹಗ್ಗ ಎಳೆಯುವುದಿಲ್ಲ.

ಸೆಕೆಯೇನು ಸಹಿಸಿಕೊಂಡು ಹೋಗಬಹುದಾದ ಸಣ್ಣ ತೊಂದರೆಯೆಂದು ಯಾರೂ ತಿಳಿಯಬಾರದು. ಒದ್ದೆ ಬಟ್ಟೆಯ ಉಷ್ಣಮಾಪಕ ೩೫ ಡಿಗ್ರಿ ತೋರಿಸುವ ಗಾಳಿಯಲ್ಲಿ ಆರೋಗ್ಯವಂತನ ಮೈಯೂ ತನ್ನ ಶಾಖವನ್ನು ಕಳೆದುಕೊಳ್ಳಲಾರದೆಂದು ೨೦೧೦ರಲ್ಲಿ ಶೆರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಗಣಿಸಿದರು. ಮುದುಕರಿಗೂ ರೋಗಿಗಳಿಗೂ ದುಡಿಯುವವರಿಗೂ ಎಲ್ಲೆ ಇನ್ನೂ ಕೆಳಗಿದೆ. ೨೦೨೩ರ ಏಪ್ರಿಲ್ ೧೬ರಂದು ನವಿಮುಂಬಯಿಯ ಖಾರ್ಘರದಲ್ಲಿ ಬಯಲಿನಲ್ಲಿ ನೆರೆದ ಸಭೆಯಲ್ಲಿ ಬಿಸಿಲ ಬೇಗೆಗೆ ಸಿಕ್ಕಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟುದನ್ನು ಈ ನಗರ ಮರೆತಿರಲಾರದು. ಆದುದರಿಂದ ಯಂತ್ರವನ್ನು ವಿಲಾಸವೆಂದು ಹಳಿಯುವುದು ನ್ಯಾಯವಲ್ಲ. ನನ್ನ ಅಮ್ಮನ ಮಟ್ಟಿಗೆ ಅದು ಔಷಧ. ಔಷಧವನ್ನು ಅಳತೆಯಿಂದ ಸೇವಿಸಿ, ಶೀಸೆಯ ಮುಚ್ಚಳವನ್ನು ಭದ್ರವಾಗಿ ಹಾಕಿಡಬೇಕೆಂಬುದಷ್ಟೇ ಈ ಲೇಖಕನ ವಿನಂತಿ.

ಕೊನೆಯದಾಗಿ ಸಂಘದ ಹಿರಿಯ ಸದಸ್ಯರಲ್ಲಿ ಒಂದು ಪ್ರಾರ್ಥನೆ. ಮುಂಬಯಿಯ ಚಾಳುಗಳಲ್ಲಿ, ಹೋಟೆಲುಗಳ ಮಾಳಿಗೆಗಳಲ್ಲಿ, ಬೇಸಗೆಯ ರಾತ್ರಿಗಳಲ್ಲಿ ತಾವು ಎಲ್ಲಿ, ಹೇಗೆ ಮಲಗುತ್ತಿದ್ದಿರಿ, ಮೊದಲ ವಿದ್ಯುತ್ ಪಂಖಾ ಯಾವ ವರ್ಷ ಬಂತು, ಅದಕ್ಕೆ ಏನು ಬೆಲೆ ಕೊಟ್ಟಿರಿ ಎಂಬುದನ್ನು ನಾಲ್ಕು ಸಾಲಿನಲ್ಲಿಯಾದರೂ ಬರೆದುಕೊಟ್ಟರೆ ಈ ಅಪೂರ್ಣ ಸಮೀಕ್ಷೆಗೆ ಬೆಲೆ ಬಂದೀತು. ಶಾಸನಗಳು ಕಲ್ಲಿನ ಮೇಲಿವೆ, ಕಾದಿರಬಲ್ಲವು. ಈ ನೆನಪುಗಳು ಎಂಬತ್ತು ದಾಟಿದವರ ಬಳಿ ಮಾತ್ರ ಇವೆ.